ಬಣ್ಣ ಬಂತು ಸರಿ, ಯಾಕೆ ಬಂತು? ಕ್ರಿಯಾತ್ಮಕ ಗುಂಪುಗಳ ಟೆಸ್ಟ್, ಕೊಡಗಿನ ಲ್ಯಾಬ್‌ಗಳಲ್ಲಿ

(ಮಡಿಕೇರಿಯಲ್ಲಿ ಪಿಯು ಮತ್ತು ಪದವಿ ಕಾಲೇಜುಗಳ ರಸಾಯನಶಾಸ್ತ್ರ ಅಧ್ಯಾಪಕರು, ಲ್ಯಾಬ್ ಸಹಾಯಕರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲಿರುವ ಈ ಸೀಸೆಯನ್ನು ನೋಡಿ. ಟರ್ಷಿಯರಿ ಬ್ಯುಟೈಲ್ ಆಲ್ಕೋಹಾಲ್ ಎಂಬ ಲೇಬಲ್ ಇದೆ. ಮುಚ್ಚಳ ತೆಗೆದು ತಲೆಕೆಳಗೆ ಹಿಡಿದರೂ ಒಂದು ಹನಿ ಬೀಳುವುದಿಲ್ಲ. ಒಳಗಿರುವುದು ಕಲ್ಲುಸಕ್ಕರೆಯಂಥ ಬಿಳಿ ಗಡ್ಡೆ. ಇದು ಹೆಪ್ಪುಗಟ್ಟುವುದು ಸುಮಾರು 25.5 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮಂಗಳೂರಿನ ಲ್ಯಾಬ್‌ನಲ್ಲಿ ವರ್ಷದ ಬಹುಪಾಲು ನೀರಿನಂತೆ ಹರಿಯುವ ವಸ್ತು, ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಮಳೆಗಾಲದ 18–19 ಡಿಗ್ರಿಯ ಕೋಣೆಯೊಳಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಆಲ್ಕೋಹಾಲ್‌ಗಳ ಬಗೆ ಗುರುತಿಸುವ ಲ್ಯೂಕಸ್ ಟೆಸ್ಟ್‌ಗೆ ಹೊರಟ ವಿದ್ಯಾರ್ಥಿ ಡ್ರಾಪರ್ ಇಳಿಸಿ ನೋಡಿ, "ಸಾರ್, ಇದು ಕೆಟ್ಟುಹೋಗಿದೆ" ಅನ್ನುತ್ತಾನೆ. ಕೆಟ್ಟಿಲ್ಲ. ಸೀಸೆಯನ್ನು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಕರಗುತ್ತದೆ.

ಗ್ಲೇಶಿಯಲ್ ಅಸಿಟಿಕ್ ಆಸಿಡ್ ಕೂಡ ಹಾಗೇ. 16.6 ಡಿಗ್ರಿಗೆ ಅದು ಗಟ್ಟಿ. ಡಿಸೆಂಬರ್ ಬೆಳಿಗ್ಗೆ ನಮ್ಮ ಕಪಾಟಿನಲ್ಲಿ ಅದನ್ನು ಹುಡುಕಿದರೆ ಮಂಜುಗಡ್ಡೆ ಸಿಗುತ್ತದೆ. ಫಾರ್ಮಾಲ್ಡಿಹೈಡ್‌ನ ನೀರಿನ ದ್ರಾವಣವಾದ ಫಾರ್ಮಲಿನ್ ಸೀಸೆಯ ತಳದಲ್ಲಿ ಬಿಳಿ ಕೆಸರು ಕೂತಿದ್ದರೆ ಅದು ಚಳಿಗೆ ಕೂಡಿಕೊಂಡ ಪ್ಯಾರಾಫಾರ್ಮಾಲ್ಡಿಹೈಡ್. ಮೇಲಿನ ತಿಳಿ ದ್ರವದಲ್ಲಿ ಆಲ್ಡಿಹೈಡ್ ಅಷ್ಟರಮಟ್ಟಿಗೆ ಕಡಿಮೆಯಾಗಿರುತ್ತದೆ.

ಇದನ್ನೇ ಮೊದಲು ತೋರಿಸಿದ್ದಕ್ಕೆ ಕಾರಣವಿದೆ. ಮ್ಯಾನ್ಯುಯಲ್‌ನಲ್ಲಿ "ಕೋಣೆಯ ಉಷ್ಣತೆಯಲ್ಲಿ ಐದು ನಿಮಿಷ" ಎಂದು ಬರೆದವರ ಕೋಣೆ ನಮ್ಮ ಕೋಣೆಯಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ರೀಏಜೆಂಟ್‌ಗಳು, ಅಂದರೆ ಟೆಸ್ಟ್‌ಗೆ ಬಳಸುವ ರಾಸಾಯನಿಕಗಳು, ಸೀಸೆಯೊಳಗೇ ಬದಲಾಗುತ್ತವೆ. ಬಣ್ಣ ಬರಬೇಕಾದಲ್ಲಿ ಬರುವುದಿಲ್ಲ, ಬರಬಾರದ ಕಡೆ ಬರುತ್ತದೆ. ಆಗ ರೆಕಾರ್ಡ್ ಬುಕ್ ನೋಡಿ ಉತ್ತರ ಬರೆಯುವ ಅಭ್ಯಾಸ ಶುರುವಾಗುತ್ತದೆ. ಅದು ನಿಲ್ಲಬೇಕು ಅನ್ನುವುದು ನಮ್ಮ ಕಾಳಜಿ.

ಮೂರು ಟ್ಯೂಬ್

ಕ್ರಿಯಾತ್ಮಕ ಗುಂಪು ಎಂದರೆ ಅಣುವಿನಲ್ಲಿ ರೀಏಜೆಂಟ್‌ಗೆ ಸ್ಪಂದಿಸುವ ಭಾಗ ಎಂದು ನಿಮಗೆಲ್ಲ ಗೊತ್ತು. ಆದರೆ ಯಾವ ರೀಏಜೆಂಟೂ ಗುಂಪಿನ ಹೆಸರು ಹೇಳುವುದಿಲ್ಲ. ಆಲ್ಡಿಹೈಡ್ ಗುರುತಿಸಲು ಬಳಸುವ, ಬೆಳ್ಳಿ ಇರುವ ಟಾಲೆನ್ಸ್ ರೀಏಜೆಂಟ್‌ಗೆ ಆಲ್ಡಿಹೈಡ್ ಗೊತ್ತಿಲ್ಲ. ತನಗೆ ಎಲೆಕ್ಟ್ರಾನ್ ಕೊಟ್ಟವರು ಯಾರೇ ಆಗಲಿ, ಅದು ಬೆಳ್ಳಿಯಾಗುತ್ತದೆ. ಹಾಗಾಗಿ ಒಂದೇ ಟ್ಯೂಬಿನಲ್ಲಿ ಮಾಡಿದ ಟೆಸ್ಟ್ ಅರ್ಧ ಟೆಸ್ಟ್. ಪಕ್ಕಪಕ್ಕದಲ್ಲಿ ಮೂರು ಟ್ಯೂಬ್ ಇರಲೇಬೇಕು. ಒಂದರಲ್ಲಿ ನಿಮ್ಮ ಸ್ಯಾಂಪಲ್. ಇನ್ನೊಂದರಲ್ಲಿ ಆ ಗುಂಪು ಖಂಡಿತ ಇರುವ, ಗೊತ್ತಿರುವ ವಸ್ತು. ಮತ್ತೊಂದರಲ್ಲಿ ಸ್ಯಾಂಪಲ್ ಇಲ್ಲದೆ ಬರೀ ದ್ರಾವಕ ಮತ್ತು ರೀಏಜೆಂಟ್, ಅಂದರೆ ಬ್ಲ್ಯಾಂಕ್.

ಗೊತ್ತಿರುವ ವಸ್ತು ಸರಿಯಾಗಿ ಬಣ್ಣ ಕೊಡದಿದ್ದರೆ ರೀಏಜೆಂಟ್ ಸತ್ತಿದೆ. ಬ್ಲ್ಯಾಂಕ್‌ನಲ್ಲೇ ಬಣ್ಣ ಬಂದರೆ ಟ್ಯೂಬೋ ದ್ರಾವಕವೋ ಕೊಳೆಯಾಗಿದೆ. ಈ ಎರಡನ್ನೂ ನೋಡಿದ ಮೇಲೆಯೇ ಸ್ಯಾಂಪಲ್ ಟ್ಯೂಬಿನ ಕಡೆ ಕಣ್ಣು ಹಾಯಿಸಿ.

ಬ್ಲ್ಯಾಂಕ್ ಹಿಡಿದುಕೊಡುವ ಕಳ್ಳರಲ್ಲಿ ದೊಡ್ಡವನು ಅಸಿಟೋನ್, ಅದೂ ಒಂದು ಕೀಟೋನ್. ಮಳೆಗಾಲದಲ್ಲಿ ಟ್ಯೂಬ್ ಒಣಗುವುದಿಲ್ಲ ಎಂದು ಅಸಿಟೋನ್‌ನಲ್ಲಿ ತೊಳೆದು ಇಡುತ್ತೇವೆ. ಒಂದು ಹನಿ ಒಳಗೆ ಉಳಿದರೆ ಸಾಕು, ಆಲ್ಡಿಹೈಡ್, ಕೀಟೋನ್ ಗುರುತಿಸುವ 2,4-ಡಿಎನ್‌ಪಿ ಟೆಸ್ಟೂ ಪಾಸಿಟಿವ್, ಅಯೋಡೋಫಾರ್ಮ್ ಟೆಸ್ಟೂ ಪಾಸಿಟಿವ್. ಇಡೀ ಬ್ಯಾಚ್‌ಗೆ "ಕೀಟೋನ್" ಎಂಬ ಉತ್ತರ ಬಂದರೆ ಮೊದಲು ಟ್ಯೂಬ್ ಸ್ಟ್ಯಾಂಡಿನ ಮೇಲೆ ಅನುಮಾನಪಡಿ. ಕಾರ್ಬೊನಿಲ್ (ಆಲ್ಡಿಹೈಡ್, ಕೀಟೋನ್‌ಗಳಲ್ಲಿರುವ ಕಾರ್ಬನ್–ಆಕ್ಸಿಜನ್ ದ್ವಿಬಂಧ) ಟೆಸ್ಟ್‌ಗೆ ಬಳಸುವ ಟ್ಯೂಬ್‌ಗಳನ್ನು ಕೊನೆಯಲ್ಲಿ ಡಿಸ್ಟಿಲ್ಡ್ ನೀರಿನಿಂದಲೇ ತೊಳೆದು ಓವನ್‌ನಲ್ಲಿ ಒಣಗಿಸಿ.

ಆಮ್ಲ, ಫೀನಾಲ್

ಮೊದಲ ಟೆಸ್ಟ್ ಸೋಡಿಯಂ ಬೈಕಾರ್ಬನೇಟ್. ಸ್ಯಾಚುರೇಟೆಡ್ ದ್ರಾವಣ 2 ಮಿ.ಲೀ., ಸ್ಯಾಂಪಲ್ ಒಂದು ಚಿಟಿಕೆ ಅಥವಾ ನಾಲ್ಕೈದು ಹನಿ. ಬುಸ್ಸೆಂದು ಗುಳ್ಳೆ ಬಂದರೆ ಕಾರ್ಬಾಕ್ಸಿಲಿಕ್ ಆಮ್ಲ ಎನ್ನುತ್ತೇವೆ. ನಿಜವಾಗಿ ಗುಳ್ಳೆ ಹೇಳುವುದು ಇಷ್ಟೇ: ಇಲ್ಲಿರುವ ಆಮ್ಲ ಕಾರ್ಬಾನಿಕ್ ಆಮ್ಲಕ್ಕಿಂತ ಬಲವಾದದ್ದು. ಬೆಂಜೀನ್ ಉಂಗುರಕ್ಕೆ ನೇರವಾಗಿ ಹೈಡ್ರಾಕ್ಸಿಲ್ ಅಂಟಿರುವ ಸಾದಾ ಫೀನಾಲ್ ಅದಕ್ಕಿಂತ ದುರ್ಬಲ, ಗುಳ್ಳೆ ಬರಿಸುವುದಿಲ್ಲ. ಆದರೆ ಮೂರು ನೈಟ್ರೋ ಗುಂಪು ಹೊತ್ತ ಪಿಕ್ರಿಕ್ ಆಸಿಡ್ ಫೀನಾಲೇ ಆದರೂ ಗುಳ್ಳೆ ಬರಿಸುತ್ತದೆ. ಸಲ್ಫಾನಿಕ್ ಆಮ್ಲವೂ ಬರಿಸುತ್ತದೆ.

ನಮ್ಮ ಮನೆಗಳಲ್ಲಿ ಪಂದಿ ಕರಿಗೆ ಹಾಕುವ ಕಾಚಂಪುಳಿಯನ್ನೇ ತೆಗೆದುಕೊಳ್ಳಿ. ಉಪ್ಪಾಗೆ ಹಣ್ಣಿನ ರಸವನ್ನು ಕಪ್ಪಾಗುವ ತನಕ ಕಾಯಿಸಿ ಇಳಿಸಿದ್ದು. ಅದರ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಸಿಡ್. ಐದು ಹನಿಯನ್ನು 5 ಮಿ.ಲೀ. ನೀರಿಗೆ ಬೆರೆಸಿ ಬೈಕಾರ್ಬನೇಟ್ ಹಾಕಿದರೆ ಗುಳ್ಳೆ ಉಕ್ಕುತ್ತದೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಚೆನ್ನಾದ ಉದಾಹರಣೆ ಬೇಡ. ಆದರೆ ನಿಂಬೆರಸವೂ ಹೀಗೇ ಮಾಡುತ್ತದೆ, ಹೈಡ್ರೋಕ್ಲೋರಿಕ್ ಆಸಿಡ್ಡೂ ಹೀಗೇ ಮಾಡುತ್ತದೆ ಎನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಇಲ್ಲಿ ಎರಡು ತಪ್ಪು ಆಗುತ್ತವೆ. ಬೆಂಜೋಯಿಕ್ ಆಸಿಡ್ ತಣ್ಣೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ದಪ್ಪ ಹರಳನ್ನೇ ಹಾಕಿದರೆ ಗುಳ್ಳೆ ಒಂದೊಂದಾಗಿ, ನಿಧಾನಕ್ಕೆ ಏಳುತ್ತದೆ, ಗಮನಿಸದವರು ನೆಗೆಟಿವ್ ಬರೆಯುತ್ತಾರೆ. ಪುಡಿ ಮಾಡಿ ಹಾಕಿ, ಒಂದು ನಿಮಿಷ ಕಾಯಿರಿ. ಎರಡನೆಯದು, ಬೇಗ ಆಗಲಿ ಎಂದು ಟ್ಯೂಬನ್ನು ಬಿಸಿ ಮಾಡುವುದು. ಬೈಕಾರ್ಬನೇಟ್ ಬಿಸಿಗೆ ತಾನೇ ಒಡೆದು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಈ ಟೆಸ್ಟ್ ತಣ್ಣಗೇ ಆಗಬೇಕು.

ಗುಳ್ಳೆ ಬರಲಿಲ್ಲ, ಆದರೆ ಸ್ಯಾಂಪಲ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗಿತು ಅಂದರೆ ಫೀನಾಲ್ ಇರಬಹುದು ಎಂದು ಫೆರಿಕ್ ಕ್ಲೋರೈಡ್ ಕಡೆ ಹೋಗುತ್ತೇವೆ. ಅದು "ನ್ಯೂಟ್ರಲ್" ಫೆರಿಕ್ ಕ್ಲೋರೈಡ್ ಆಗಿರಬೇಕು. ಶೆಲ್ಫಿನ ಮೇಲಿನ ದ್ರಾವಣ ಒಡೆಯದಿರಲಿ ಎಂದು ಅದಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ ಬೆರೆಸಿರುತ್ತಾರೆ. ಫೀನಾಲ್ ಕಬ್ಬಿಣವನ್ನು ಹಿಡಿಯುವುದು ತನ್ನ ಹೈಡ್ರೋಜನ್ ಬಿಟ್ಟುಕೊಟ್ಟು, ಫೀನಾಕ್ಸೈಡ್ ಆಗಿ. ಆಸಿಡ್ ಇದ್ದರೆ ಅದಕ್ಕೆ ಅಡ್ಡಿ, ನೇರಳೆ ಬಣ್ಣ ಮೂಡುವುದೇ ಇಲ್ಲ. ಮಾಡುವುದು ಹೀಗೆ: 1 ಶೇಕಡಾ ಫೆರಿಕ್ ಕ್ಲೋರೈಡ್‌ಗೆ ತೆಳು ಅಮೋನಿಯವನ್ನು ಹನಿಹನಿಯಾಗಿ ಹಾಕುತ್ತ ಅಲ್ಲಾಡಿಸಿ. ಕಂದು ಒತ್ತರ (ದ್ರವದಲ್ಲಿ ಹುಟ್ಟುವ ಕರಗದ ಪುಡಿ) ಬರುತ್ತದೆ, ಅಲ್ಲಾಡಿಸಿದರೆ ಮಾಯವಾಗುತ್ತದೆ. ಮಾಯವಾಗದೆ ಚೂರು ಉಳಿದ ಕ್ಷಣಕ್ಕೆ ನಿಲ್ಲಿಸಿ ಸೋಸಿ. ತಿಳಿಯಾದ ಸೋಸುದ್ರವವೇ ನಮ್ಮ ರೀಏಜೆಂಟ್. ಅಂದಂದೇ ಮಾಡಿಕೊಳ್ಳಿ.

ಫೀನಾಲ್ ಮತ್ತು ಸ್ಯಾಲಿಸಿಲಿಕ್ ಆಸಿಡ್ ನೇರಳೆ ಕೊಡುತ್ತವೆ. ಪಕ್ಕಪಕ್ಕದ ಕಾರ್ಬನ್‌ಗಳಲ್ಲಿ ಎರಡು ಹೈಡ್ರಾಕ್ಸಿಲ್ ಇರುವ ಕೆಟಕಾಲ್ ಹಸಿರು ಕೊಡುತ್ತದೆ. ಈ ಹಸಿರನ್ನು ತೋರಿಸಲು ಕೆಟಕಾಲ್ ಸೀಸೆಯೇ ಬೇಕಿಲ್ಲ. ಹುರಿಯದ ಕಾಫಿ ಬೀಜ ಪ್ರತಿ ತೋಟದ ಮನೆಯಲ್ಲೂ ಇದೆ. ಪಾರ್ಚ್‌ಮೆಂಟಿನ ಸಿಪ್ಪೆ ತೆಗೆದು ಬೀಜ ಕುಟ್ಟಿ, 1 ಗ್ರಾಂ ಪುಡಿಯನ್ನು 50 ಮಿ.ಲೀ. ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಸೋಸಿ. ಆ ನೀರು 2 ಮಿ.ಲೀ.ಗೆ ಎರಡು ಹನಿ ನ್ಯೂಟ್ರಲ್ ಫೆರಿಕ್ ಕ್ಲೋರೈಡ್ ಬಿದ್ದ ಕೂಡಲೇ ಹಸಿರು ಹರಡುತ್ತದೆ. ಕಾಫಿಯ ಕ್ಲೋರೋಜೆನಿಕ್ ಆಸಿಡ್‌ನಲ್ಲಿರುವುದು ಕೆಟಕಾಲ್ ಮಾದರಿಯ ಉಂಗುರವೇ. ಅರೇಬಿಕಾಗಿಂತ ರೊಬಸ್ಟಾದಲ್ಲಿ ಅದು ಹೆಚ್ಚು. ಹುರಿದಷ್ಟೂ ಕಡಿಮೆಯಾಗುತ್ತ ಹೋಗುತ್ತದೆ. ಹುರಿದ ಪುಡಿಯ ಡಿಕಾಕ್ಷನ್ ತೆಗೆದುಕೊಂಡರೆ ಅದರ ಕಪ್ಪೇ ಬಣ್ಣವನ್ನು ನುಂಗಿಬಿಡುತ್ತದೆ. ಅಡಿಕೆ ಚೂರು ಕುದಿಸಿದ ನೀರೂ ಟ್ಯಾನಿನ್ ಕಾರಣಕ್ಕೆ ಹಸಿರುಗಪ್ಪು ಕೊಡುತ್ತದೆ.

ಕೆಂಪು ಬಂದರೆ ಎಚ್ಚರ. ಅಸಿಟೇಟ್ ಇದ್ದರೂ ಫೆರಿಕ್ ಕ್ಲೋರೈಡ್ ಗಾಢ ಕೆಂಪಾಗುತ್ತದೆ. ಕುದಿಸಿದರೆ ಅದು ಕಂದು ಒತ್ತರವಾಗಿ ಇಳಿಯುತ್ತದೆ. ಅದು ಫೀನಾಲ್ ಅಲ್ಲ.

ಆಲ್ಕೋಹಾಲ್

ಆಲ್ಕೋಹಾಲ್ ಹೌದೋ ಅಲ್ಲವೋ ಎನ್ನಲು ಸೆರಿಕ್ ಅಮೋನಿಯಂ ನೈಟ್ರೇಟ್ ಒಳ್ಳೆಯದು. 40 ಗ್ರಾಂ ಈ ಲವಣವನ್ನು 100 ಮಿ.ಲೀ. ತೆಳು ನೈಟ್ರಿಕ್ ಆಸಿಡ್‌ನಲ್ಲಿ ಬೆಚ್ಚಗೆ ಕರಗಿಸಿ ಇಟ್ಟುಕೊಳ್ಳಿ. ಇದರ ಅರ್ಧ ಮಿ.ಲೀ.ಗೆ 3 ಮಿ.ಲೀ. ನೀರು, ಸ್ಯಾಂಪಲ್ ಐದು ಹನಿ. ಹಳದಿ ಕೆಂಪಾದರೆ ಆಲ್ಕೋಹಾಲ್. ಫೀನಾಲ್ ಆದರೆ ಕಂದು ಅಥವಾ ಹಸಿರುಮಿಶ್ರಿತ ಕಂದು. ಬಿಸಿ ಮಾಡಬೇಡಿ, ಸೀರಿಯಂ ಆಲ್ಕೋಹಾಲನ್ನು ಆಕ್ಸಿಡೈಸ್ ಮಾಡಿ ಬಣ್ಣ ಕಳೆದುಕೊಳ್ಳುತ್ತದೆ. ಸಣ್ಣ, ನೀರಿನಲ್ಲಿ ಕರಗುವ ಆಲ್ಕೋಹಾಲ್‌ಗಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕ್ರೋಮಿಕ್ ಆಸಿಡ್ ಟೆಸ್ಟ್ ಇನ್ನೂ ಚುರುಕು ನಿಜ, ಆದರೆ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಅದನ್ನು ಮಕ್ಕಳ ಕೈಗೆ ಕೊಡುವುದಕ್ಕೆ ನಮ್ಮ ಸಮ್ಮತಿ ಇಲ್ಲ.

ಹೈಡ್ರಾಕ್ಸಿಲ್ ಹೊತ್ತ ಕಾರ್ಬನ್‌ಗೆ ಎಷ್ಟು ಕಾರ್ಬನ್ ಅಂಟಿವೆ ಎನ್ನುವುದರ ಮೇಲೆ ಆಲ್ಕೋಹಾಲ್ ಪ್ರೈಮರಿ (ಒಂದು), ಸೆಕೆಂಡರಿ (ಎರಡು), ಟರ್ಷಿಯರಿ (ಮೂರು); ಇವನ್ನು ಬೇರೆ ಮಾಡಲು ಲ್ಯೂಕಸ್ ರೀಏಜೆಂಟ್. 68 ಗ್ರಾಂ ನೀರಿಲ್ಲದ ಜಿಂಕ್ ಕ್ಲೋರೈಡನ್ನು 45 ಮಿ.ಲೀ. ಸಾಂದ್ರ ಹೈಡ್ರೋಕ್ಲೋರಿಕ್ ಆಸಿಡ್‌ಗೆ, ಬೀಕರನ್ನು ಐಸ್‌ನಲ್ಲಿಟ್ಟು, ಸ್ವಲ್ಪಸ್ವಲ್ಪವಾಗಿ ಹಾಕಿ ಕರಗಿಸಬೇಕು. ಕೊಡಗಿನ ಮಳೆ ಹಾಳುಮಾಡುವ ಟೆಸ್ಟ್‌ಗಳಲ್ಲಿ ಇದೇ ಮೊದಲನೆಯದು. ಜಿಂಕ್ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಂಡು ನೀರಾಗುತ್ತದೆ. ತೂಕ ಮಾಡುವಾಗ ಕಾಗದದ ಮೇಲೆಯೇ ಅಂಟಂಟಾಗುವುದನ್ನು ಎಲ್ಲರೂ ನೋಡಿದ್ದೀರಿ. 68 ಗ್ರಾಂ ತೂಗಿದರೂ ಅದರಲ್ಲೊಂದು ಪಾಲು ನೀರು. ಆ ನೀರು ಆಸಿಡ್ಡನ್ನೂ ತೆಳುಮಾಡಿ, ಜಿಂಕಿನ ಹಿಡಿತವನ್ನೂ ಸಡಿಲ ಮಾಡುತ್ತದೆ. ಐದು ನಿಮಿಷದಲ್ಲಿ ಕದಡಬೇಕಾದ ಸೆಕೆಂಡರಿ ಆಲ್ಕೋಹಾಲ್ ಅರ್ಧ ಗಂಟೆಯಾದರೂ ತಿಳಿಯಾಗಿ ನಿಂತು ಪ್ರೈಮರಿಯಂತೆ ಕಾಣುತ್ತದೆ.

ಪರಿಹಾರವಿದೆ. ತೇವಗೊಂಡ ಜಿಂಕ್ ಕ್ಲೋರೈಡನ್ನು ಪಿಂಗಾಣಿ ಬಟ್ಟಲಿನಲ್ಲಿ ಫ್ಯೂಮ್ ಹುಡ್‌ನೊಳಗೆ ಕಾಯಿಸಿ ಕರಗಿಸಿ. ನೀರಿನ ಆವಿ ಹೋಗಿ ನೊರೆ ನಿಂತ ಮೇಲೆ ಡೆಸಿಕೇಟರ್‌ನಲ್ಲಿ ಆರಿಸಿ, ಚೂರು ಮಾಡಿ ಕೂಡಲೇ ತೂಗಿ. ಡೆಸಿಕೇಟರ್‌ನ ನೀಲಿ ಸಿಲಿಕಾ ಜೆಲ್ ಗುಲಾಬಿಯಾಗಿದ್ದರೆ ಅದೂ ತೇವ ಕುಡಿದು ಕೂತಿದೆ. ಓವನ್‌ನಲ್ಲಿ 110–120 ಡಿಗ್ರಿಯಲ್ಲಿ ಮತ್ತೆ ನೀಲಿ ಮಾಡಿಕೊಳ್ಳಿ. ರೀಏಜೆಂಟನ್ನು ಜೂನ್ ಮಳೆ ಹಿಡಿಯುವ ಮುಂಚೆಯೇ, ಏಪ್ರಿಲ್ ಹೊತ್ತಿಗೆ ಮಾಡಿ ಗಾಜಿನ ಬಿರಡೆಯ ಸೀಸೆಯಲ್ಲಿ ಮುಚ್ಚಿಡುವುದು ಇನ್ನೂ ಜಾಣತನ. ಫೆರಿಕ್ ಕ್ಲೋರೈಡೂ ಹೀಗೆಯೇ ನೀರಾಗುತ್ತದೆ, ಆದರೆ ಅಲ್ಲಿ ತೂಕ ಹೆಚ್ಚುಕಡಿಮೆಯಾದರೂ ಟೆಸ್ಟ್ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ.

ಟೆಸ್ಟ್ ಮಾಡುವಾಗ ಒಣ ಟ್ಯೂಬಿನಲ್ಲಿ ಆಲ್ಕೋಹಾಲ್ ಐದು ಹನಿ, ರೀಏಜೆಂಟ್ 2 ಮಿ.ಲೀ., ಬಿರಡೆ ಹಾಕಿ ಅಲ್ಲಾಡಿಸಿ ನಿಲ್ಲಿಸಿ. ಟ್ಯೂಬ್‌ಗಳನ್ನು 27 ಡಿಗ್ರಿಯ ನೀರಿರುವ ಬೀಕರಿನಲ್ಲಿ ಇಡಿ. ನಮ್ಮ ಕೋಣೆಯ ಚಳಿಗೆ ಮ್ಯಾನ್ಯುಯಲ್‌ನ ಸಮಯ ಹೊಂದುವುದಿಲ್ಲ. ಟರ್ಷಿಯರಿ ತಕ್ಷಣ ಕದಡುತ್ತದೆ, ಸೆಕೆಂಡರಿ ಕೆಲವು ನಿಮಿಷಕ್ಕೆ, ಪ್ರೈಮರಿ ತಿಳಿಯಾಗಿಯೇ ಉಳಿಯುತ್ತದೆ. ಕದಡುವುದು ಹೊಸದಾಗಿ ಹುಟ್ಟಿದ ಆಲ್ಕೈಲ್ ಕ್ಲೋರೈಡ್ ಕರಗದೆ ಬೇರೆಯಾಗುವುದರಿಂದ. ಹಾಗಾಗಿ ರೀಏಜೆಂಟ್‌ನಲ್ಲಿ ಮೊದಲೇ ಕರಗದ ದೊಡ್ಡ ಆಲ್ಕೋಹಾಲ್‌ಗೆ ಈ ಟೆಸ್ಟ್ ಅರ್ಥವಿಲ್ಲದ್ದು. ಬೆಂಜೈಲ್ ಆಲ್ಕೋಹಾಲ್ ಪ್ರೈಮರಿಯೇ ಆದರೂ ಟರ್ಷಿಯರಿಯಂತೆ ವೇಗವಾಗಿ ಓಡುತ್ತದೆ, ಅದರ ಕಾರ್ಬೋಕ್ಯಾಟಯಾನ್‌ಗೆ ಉಂಗುರದ ಆಸರೆ ಇರುವುದರಿಂದ.

ಕಾರ್ಬೊನಿಲ್

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ.

2,4-ಡಿಎನ್‌ಪಿ ರೀಏಜೆಂಟ್‌ಗೆ 3 ಗ್ರಾಂ 2,4-ಡೈನೈಟ್ರೋಫಿನೈಲ್‌ಹೈಡ್ರಜೀನ್ ಅನ್ನು 15 ಮಿ.ಲೀ. ಸಾಂದ್ರ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಕರಗಿಸಿ. 20 ಮಿ.ಲೀ. ನೀರು, 70 ಮಿ.ಲೀ. ಎಥನಾಲ್ ಬೆರೆಸಿದ ಬೀಕರಿಗೆ ಆ ಆಸಿಡ್ಡನ್ನು ಕಲಕುತ್ತ ನಿಧಾನವಾಗಿ ಸುರಿಯಿರಿ, ಉಲ್ಟಾ ಸುರಿಯಬೇಡಿ. ಆರಿದ ಮೇಲೆ ಸೋಸಿ. ಒಂದು ಎಚ್ಚರಿಕೆ: ಈ ಪುಡಿ ಪೂರ್ತಿ ಒಣಗಿದರೆ ಸ್ಫೋಟಕ. ಅದಕ್ಕೇ ನೀರು ಬೆರೆಸಿಯೇ ಮಾರುತ್ತಾರೆ. ಸೀಸೆಯ ಬಾಯಲ್ಲಿ ಒಣಗಿ ಹಿಡಿದಿದ್ದರೆ ಸ್ಪ್ಯಾಚುಲಾದಿಂದ ಕೆರೆಯಬಾರದು.

ಸ್ಯಾಂಪಲ್ ಎರಡು ಹನಿಯನ್ನು 2 ಮಿ.ಲೀ. ಎಥನಾಲ್‌ನಲ್ಲಿ ಕರಗಿಸಿ 2 ಮಿ.ಲೀ. ರೀಏಜೆಂಟ್ ಹಾಕಿ ಅಲ್ಲಾಡಿಸಿ, ಹದಿನೈದು ನಿಮಿಷ ಬಿಡಿ. ಒತ್ತರ ಬಂದರೆ ಆಲ್ಡಿಹೈಡ್ ಅಥವಾ ಕೀಟೋನ್. ಎಸ್ಟರ್, ಆಮ್ಲ, ಅಮೈಡ್ ಇದಕ್ಕೆ ಬಗ್ಗುವುದಿಲ್ಲ. ಬಣ್ಣವೂ ಮಾಹಿತಿ ಕೊಡುತ್ತದೆ: ಹಳದಿಯಾದರೆ ಸಾದಾ ಕಾರ್ಬೊನಿಲ್, ಕಿತ್ತಳೆಯಿಂದ ಕೆಂಪಿಗೆ ವಾಲಿದರೆ ಪಕ್ಕದಲ್ಲಿ ದ್ವಿಬಂಧವೋ ಬೆಂಜೀನ್ ಉಂಗುರವೋ ಇರುವ ಸಂಭವ. ಆದರೆ ರೀಏಜೆಂಟೇ ಕಿತ್ತಳೆ. ದ್ರವದ ಬಣ್ಣ ನೋಡಿ ಪಾಸಿಟಿವ್ ಬರೆದವರಿಗೆ ಲೆಕ್ಕವಿಲ್ಲ. ನೋಡಬೇಕಾದ್ದು ಒತ್ತರವನ್ನು, ಬೇಕಿದ್ದರೆ ಸೋಸಿ, ಫಿಲ್ಟರ್ ಪೇಪರಿನ ಮೇಲೆ ನೋಡಿ.

ದಾಲ್ಚಿನ್ನಿ ಚಕ್ಕೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. 10 ಗ್ರಾಂ ಚಕ್ಕೆ ಪುಡಿ, 100 ಮಿ.ಲೀ. ನೀರು ಹಾಕಿ ಡಿಸ್ಟಿಲ್ ಮಾಡಿ, ಮೊದಲ 20 ಮಿ.ಲೀ. ಹಿಡಿಯಿರಿ. ಮಜ್ಜಿಗೆ ನೀರಿನಂತೆ ಮಸುಕಾಗಿರುತ್ತದೆ, ಆ ಮಸುಕೇ ಸಿನ್ನಮಾಲ್ಡಿಹೈಡ್ ಎಣ್ಣೆ. ಅದರ 2 ಮಿ.ಲೀ.ಗೆ ರೀಏಜೆಂಟ್ ಬಿದ್ದರೆ ಕಿತ್ತಳೆಗೆಂಪು ಒತ್ತರ ಗಟ್ಟಿಯಾಗಿ ಇಳಿಯುತ್ತದೆ.

ಇನ್ನು ಆಲ್ಡಿಹೈಡೋ ಕೀಟೋನೋ ಎಂಬ ಪ್ರಶ್ನೆ. ಟಾಲೆನ್ಸ್ ರೀಏಜೆಂಟನ್ನು ಯಾವತ್ತೂ ಮಾಡಿಡಬಾರದು. 5 ಶೇಕಡಾ ಸಿಲ್ವರ್ ನೈಟ್ರೇಟ್ 2 ಮಿ.ಲೀ.ಗೆ 10 ಶೇಕಡಾ ಸೋಡಿಯಂ ಹೈಡ್ರಾಕ್ಸೈಡ್ ಎರಡು ಹನಿ ಹಾಕಿ. ಕಂದು ಒತ್ತರ ಬರುತ್ತದೆ. ತೆಳು ಅಮೋನಿಯವನ್ನು ಒಂದೊಂದೇ ಹನಿಯಾಗಿ ಬಿಡಿ, ಪ್ರತಿ ಹನಿಗೂ ಅಲ್ಲಾಡಿಸಿ. ಒತ್ತರ ಕರಗಿಯೂ ಕರಗದಂತೆ, ಕೊನೆಯ ಮಸುಕು ಉಳಿದಿರುವಾಗಲೇ ಕೈ ತಡೆಯಿರಿ. ಅಮೋನಿಯ ಹೆಚ್ಚಾದರೆ ಬೆಳ್ಳಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬಿಡುವುದಿಲ್ಲ, ಟೆಸ್ಟ್ ಮಂಕಾಗುತ್ತದೆ. ಸ್ಯಾಂಪಲ್ ಎರಡು ಹನಿ ಹಾಕಿ, ಒಮ್ಮೆ ಕಲಸಿ, 60 ಡಿಗ್ರಿಯ ವಾಟರ್ ಬಾತ್‌ನಲ್ಲಿ ಅಲ್ಲಾಡಿಸದೆ ನಿಲ್ಲಿಸಿ.

ಕನ್ನಡಿ ಬರದೆ ಕಪ್ಪು ಪುಡಿ ಬಂದರೆ ಹೆಚ್ಚಿನ ಸಲ ತಪ್ಪು ಟ್ಯೂಬಿನದ್ದು. ಜಿಡ್ಡಿರುವ ಗಾಜಿಗೆ ಬೆಳ್ಳಿ ಅಂಟುವುದಿಲ್ಲ. ಬಿಸಿ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ತೊಳೆದು, ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿದ ಟ್ಯೂಬೇ ಬೇಕು. ನೀರು ಒಳಗೋಡೆಯ ಮೇಲೆ ಹನಿಹನಿಯಾಗಿ ನಿಲ್ಲದೆ ಒಂದೇ ಪೊರೆಯಾಗಿ ಹರಿದರೆ ಗಾಜು ಶುದ್ಧ. ಕಪ್ಪು ಪುಡಿಯೂ ಬೆಳ್ಳಿಯೇ, ಆದ್ದರಿಂದ ಅದೂ ಪಾಸಿಟಿವ್. ಆದರೆ ಬ್ಲ್ಯಾಂಕ್ ತಿಳಿಯಾಗಿದ್ದರೆ ಮಾತ್ರ ಹಾಗೆ ಬರೆಯಿರಿ.

ಆಲ್ಡಿಹೈಡ್‌ಗೆ ಇನ್ನೊಂದು ಟೆಸ್ಟ್ ಫೆಹ್ಲಿಂಗ್. ಅದರ ಎ ದ್ರಾವಣದಲ್ಲಿ 500 ಮಿ.ಲೀ.ಗೆ 34.6 ಗ್ರಾಂ ಕಾಪರ್ ಸಲ್ಫೇಟ್ ಹರಳು, ಬಿಯಲ್ಲಿ 500 ಮಿ.ಲೀ.ಗೆ 173 ಗ್ರಾಂ ರೋಶೆಲ್ ಉಪ್ಪು ಮತ್ತು 50 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್. ಬೆರೆಸುವುದು ಟೆಸ್ಟ್ ಮಾಡುವ ಹೊತ್ತಿಗೆ ಮಾತ್ರ, ಸಮಪಾಲು. ಬೆರೆಸಿಟ್ಟರೆ ತಾನೇ ಕೆಡುತ್ತದೆ. ಮಡಿಕೇರಿಯ ಎತ್ತರದಲ್ಲಿ ನೀರು ಕುದಿಯುವುದು ಸುಮಾರು 96 ಡಿಗ್ರಿಗೆ. ಸ್ಯಾಂಪಲ್ ಹಾಕಿದ ಟ್ಯೂಬನ್ನು ಕುದಿನೀರಿನಲ್ಲಿ ಒಂದೆರಡು ನಿಮಿಷ ಹೆಚ್ಚು ಇಟ್ಟರೆ ಸರಿಹೋಗುತ್ತದೆ, ಅದೇನೂ ದೊಡ್ಡ ತೊಂದರೆಯಲ್ಲ. ಇಟ್ಟಿಗೆ ಕೆಂಪು ಒತ್ತರ ಬಂದರೆ ಪಾಸಿಟಿವ್. ಬೆಂಜಾಲ್ಡಿಹೈಡ್‌ನಂಥ ಅರೋಮ್ಯಾಟಿಕ್ ಆಲ್ಡಿಹೈಡ್ ಟಾಲೆನ್ಸ್‌ಗೆ ಒಲಿಯುತ್ತದೆ, ಫೆಹ್ಲಿಂಗ್‌ಗೆ ಒಲಿಯುವುದಿಲ್ಲ. ಈ ವ್ಯತ್ಯಾಸವನ್ನು ಬಳಸಿಕೊಳ್ಳಿ.

ಫೆಹ್ಲಿಂಗ್ ವಿಷಯಕ್ಕೆ ಬಂದರೆ ಕೊಡಗಿನಲ್ಲಿ ಜೇನಿನ ಮಾತು ಬಂದೇ ಬರುತ್ತದೆ. ಜೇನಿಗೆ ಫೆಹ್ಲಿಂಗ್ ಹಾಕಿ, ಕೆಂಪು ಬಂತು, ಅಪ್ಪಟ ಜೇನು ಅನ್ನುವವರಿದ್ದಾರೆ. ಅದು ತಪ್ಪು. ಜೇನಿನಲ್ಲಿರುವ ಗ್ಲೂಕೋಸೂ ಕೆಂಪು ಕೊಡುತ್ತದೆ, ಫ್ರಕ್ಟೋಸ್ ಕೀಟೋನ್ ಸಕ್ಕರೆಯಾದರೂ ಕ್ಷಾರದಲ್ಲಿ ರೂಪ ಬದಲಿಸಿ ಕೆಂಪು ಕೊಡುತ್ತದೆ. ಸಕ್ಕರೆ ಪಾಕವನ್ನು ಆಸಿಡ್ ಹಾಕಿ ಕಾಯಿಸಿದರೆ ಸಿಗುವುದೂ ಇವೇ ಎರಡು, ಅದೂ ಕೆಂಪು ಕೊಡುತ್ತದೆ. ಕಲಬೆರಕೆಯ ಸುಳಿವಿಗೆ ಬೇರೆ ಟೆಸ್ಟ್ ಇದೆ: ಜೇನನ್ನು ಈಥರ್ ಜತೆ ಅರೆದು, ಈಥರ್ ಆರಿಸಿ, ಉಳಿದದ್ದಕ್ಕೆ ಸಾಂದ್ರ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕರಗಿಸಿದ 1 ಶೇಕಡಾ ರಿಸಾರ್ಸಿನಾಲ್ ಹಾಕುವ ಫೀಹೆ ಟೆಸ್ಟ್. ಆಸಿಡ್‌ನಲ್ಲಿ ಕಾದ ಸಕ್ಕರೆಯಿಂದ ಹುಟ್ಟುವ ಹೈಡ್ರಾಕ್ಸಿಮೀಥೈಲ್‌ಫರ್‌ಫ್ಯೂರಾಲ್ ಎಂಬ ಆಲ್ಡಿಹೈಡ್ ಇದ್ದರೆ ಚೆರಿ ಕೆಂಪು ನಿಲ್ಲುತ್ತದೆ. ಹಾಗಿದ್ದರೂ ಅತಿಯಾಗಿ ಬಿಸಿ ಮಾಡಿದ, ಬಹಳ ಹಳೆಯ ಜೇನಿನಲ್ಲೂ ಅದೇ ವಸ್ತು ಇರುತ್ತದೆ. ಜೇನು ಸಾಕುವವರ ಮೇಲೆ ಒಂದು ಟ್ಯೂಬಿನ ಬಣ್ಣ ನೋಡಿ ಆರೋಪ ಹೊರಿಸಬೇಡಿ.

ಅಸಿಟೋನ್, ಎಥನಾಲ್‌ನಂಥವುಗಳಿಗೆ ಹಳದಿ ಹರಳು ಕೊಡುವ ಅಯೋಡೋಫಾರ್ಮ್ ಟೆಸ್ಟ್ ಬಗ್ಗೆ ಒಂದೇ ಮಾತು. 10 ಗ್ರಾಂ ಅಯೋಡಿನ್, 20 ಗ್ರಾಂ ಪೊಟ್ಯಾಸಿಯಂ ಅಯೋಡೈಡ್, 100 ಮಿ.ಲೀ. ನೀರು. ಸ್ಯಾಂಪಲ್ ನಾಲ್ಕು ಹನಿ ಸಾಕು. ಹೆಚ್ಚು ಎಥನಾಲ್ ಸುರಿದರೆ ಹುಟ್ಟಿದ ಹಳದಿ ಹರಳು ಅದರಲ್ಲೇ ಕರಗಿ ಕಾಣದೆ ಹೋಗುತ್ತದೆ. 10 ಶೇಕಡಾ ಕ್ಷಾರ 2 ಮಿ.ಲೀ. ಹಾಕಿ, ಅಯೋಡಿನ್ ದ್ರಾವಣವನ್ನು ಕಂದು ಬಣ್ಣ ಉಳಿಯುವವರೆಗೆ ಬಿಟ್ಟು, 60 ಡಿಗ್ರಿಯಲ್ಲಿ ಎರಡು ನಿಮಿಷ ಇಡಿ. ನಮ್ಮ ಚಳಿಗೆ ಈ ಬಿಸಿ ಬಿಡುವಂತಿಲ್ಲ.

ಕಿತ್ತಳೆ ಸಿಪ್ಪೆ ಮತ್ತು ಬ್ರೋಮಿನ್ ನೀರು

ದ್ವಿಬಂಧಕ್ಕೆ ಕೊಡಗಿನ ಕಿತ್ತಳೆಗಿಂತ ಬೇರೆ ಸ್ಯಾಂಪಲ್ ಯಾಕೆ ಬೇಕು? ಸಿಪ್ಪೆಯ ಎಣ್ಣೆಯಲ್ಲಿ ಬಹುಪಾಲು ಲಿಮೋನೀನ್, ಅದರಲ್ಲಿ ಎರಡು ದ್ವಿಬಂಧ. ತೆಳು ಬ್ರೋಮಿನ್ ನೀರು 2 ಮಿ.ಲೀ. ಇರುವ ಟ್ಯೂಬಿನ ಬಾಯಿಗೆ ಸಿಪ್ಪೆಯನ್ನು ಹೊರಮೈ ಟ್ಯೂಬಿನ ಕಡೆಗಿರುವಂತೆ ಮಡಚಿ ಹಿಂಡಿ. ಎಣ್ಣೆ ಸೀಟಿ ಹೊಡೆದಂತೆ ಚಿಮ್ಮುತ್ತದೆ. ಬಿರಡೆ ಹಾಕಿ ಅಲ್ಲಾಡಿಸಿದರೆ ಹಳದಿ ಹೋಗುತ್ತದೆ.

ಪಕ್ಕದ ಟ್ಯೂಬಿನಲ್ಲಿ ತೆಂಗಿನೆಣ್ಣೆ ಹಾಕಿ ಅಲ್ಲಾಡಿಸಿ. ನೀರು ಬಣ್ಣ ಕಳೆದುಕೊಂಡಂತೆ ಕಾಣುತ್ತದೆ. ಅವಸರಪಡಬೇಡಿ, ಮೇಲೆ ತೇಲುವ ಎಣ್ಣೆಯ ಪದರ ನೋಡಿ: ಹಳದಿ ಅಲ್ಲಿಗೆ ಹತ್ತಿ ಕೂತಿದೆ. ಬ್ರೋಮಿನ್, ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ, ಅಷ್ಟೇ. ತೆಂಗಿನೆಣ್ಣೆಯಲ್ಲಿ ದ್ವಿಬಂಧ ತೀರಾ ಕಡಿಮೆ, ದ್ವಿಬಂಧದ ಅಳತೆಯಾದ ಅಯೋಡಿನ್ ಮೌಲ್ಯ ಅದಕ್ಕೆ 10ರ ಆಸುಪಾಸು. ಎರಡೂ ಪದರ ಬಣ್ಣ ಕಳೆದುಕೊಂಡರೆ ಮಾತ್ರ ಬ್ರೋಮಿನ್ ಖರ್ಚಾಗಿದೆ ಎಂದು ಅರ್ಥ. ಫೀನಾಲ್ ಮತ್ತು ಅನಿಲೀನ್ ಕೂಡ ಬ್ರೋಮಿನ್ ನೀರನ್ನು ಬಿಳಿಚಿಸುತ್ತವೆ, ಆದರೆ ಜತೆಗೆ ಬಿಳಿ ಒತ್ತರ ಬೀಳುತ್ತದೆ. ಪರ್ಮ್ಯಾಂಗನೇಟ್ ಟೆಸ್ಟ್ ಇನ್ನೂ ಸಡಿಲ. ಆಲ್ಡಿಹೈಡ್, ಫೀನಾಲ್ ಎಲ್ಲಕ್ಕೂ ಅದು ಕಂದಾಗುತ್ತದೆ. ಅದನ್ನು ಎರಡನೇ ಸಾಕ್ಷಿಯಾಗಿ ಮಾತ್ರ ಇಟ್ಟುಕೊಳ್ಳಿ.

ಪ್ರೈಮರಿ ಅಮೀನ್‌ಗೆ ಕಾರ್ಬೈಲಮೀನ್ ಟೆಸ್ಟ್ ಬೇಡವೇ ಬೇಡ. ಹುಟ್ಟುವ ಐಸೋಸಯನೈಡ್ ವಿಷಕಾರಿ, ದುರ್ನಾತ ಹೇಳತೀರದು, ಮಳೆಗೆ ಕಿಟಕಿ ಮುಚ್ಚಿದ ಲ್ಯಾಬ್‌ನಲ್ಲಿ ಅದು ಹೊರಗೆ ಹೋಗುವುದೂ ಇಲ್ಲ. ಅರೋಮ್ಯಾಟಿಕ್ ಅಮೀನ್‌ಗೆ ಅಜೋ ಡೈ ಟೆಸ್ಟ್ ಸಾಕು. ಅನಿಲೀನ್ ನಾಲ್ಕು ಹನಿ, ಸಾಂದ್ರ ಹೈಡ್ರೋಕ್ಲೋರಿಕ್ ಆಸಿಡ್ 2 ಮಿ.ಲೀ., ನೀರು 3 ಮಿ.ಲೀ.; ಇನ್ನೊಂದು ಟ್ಯೂಬಿನಲ್ಲಿ 10 ಶೇಕಡಾ ಸೋಡಿಯಂ ನೈಟ್ರೈಟ್ 2 ಮಿ.ಲೀ.; ಮೂರನೆಯದರಲ್ಲಿ 0.2 ಗ್ರಾಂ ಬೀಟಾ ನ್ಯಾಫ್ಥಾಲ್ 10 ಶೇಕಡಾ ಕ್ಷಾರದಲ್ಲಿ. ಮೂರೂ ಐಸ್‌ನಲ್ಲಿ 5 ಡಿಗ್ರಿಗಿಂತ ಕೆಳಗಿಳಿಯಲಿ. ಹೊರಗೆ ಎಷ್ಟೇ ಚಳಿ ಇರಲಿ, 15 ಡಿಗ್ರಿ ಸಾಲದು. ಅಮೀನ್ ಮತ್ತು ನೈಟ್ರೈಟ್ ಸೇರಿ ಹುಟ್ಟುವ ಡಯಜೋನಿಯಂ ಒಡೆದು ನೈಟ್ರೋಜನ್ ಹೋಗಿ ಫೀನಾಲ್ ಆಗುತ್ತದೆ, ಕಿತ್ತಳೆಗೆಂಪಿನ ಬದಲು ಕೊಳಕು ಕಂದು ಸಿಗುತ್ತದೆ. ನೈಟ್ರೈಟನ್ನು ಅಮೀನ್‌ಗೆ ಹನಿಹನಿಯಾಗಿ ಬೆರೆಸಿ, ಆಮೇಲೆ ನ್ಯಾಫ್ಥಾಲ್‌ಗೆ ಸುರಿಯಿರಿ.

ಎಲ್ಲ ಗುಂಪಿಗೂ ಬಣ್ಣದ ಟೆಸ್ಟ್ ಇಲ್ಲ ಎನ್ನುವುದಕ್ಕೆ ಏಲಕ್ಕಿ ಸಾಕ್ಷಿ. ಅದರ ಎಣ್ಣೆಯಲ್ಲಿ ಟರ್ಪಿನೈಲ್ ಅಸಿಟೇಟ್ ಮತ್ತು ಸಿನಿಯೋಲ್ ಮುಖ್ಯ. ಮೊದಲನೆಯದು ಎಸ್ಟರ್. ಹೈಡ್ರಾಕ್ಸಿಲಮೀನ್ ಜತೆ ಆಲ್ಕೋಹಾಲ್ ಕ್ಷಾರದಲ್ಲಿ ಕಾಯಿಸಿ, ಆಮ್ಲ ಮಾಡಿ ಫೆರಿಕ್ ಕ್ಲೋರೈಡ್ ಹಾಕಿದರೆ ನೇರಳೆಗೆಂಪು ಸಿಗುತ್ತದೆ. ಸಿನಿಯೋಲ್ ಈಥರ್, ಅದಕ್ಕೆ ನಮ್ಮ ಕಪಾಟಿನಲ್ಲಿ ಬಣ್ಣ ಕೊಡುವ ರೀಏಜೆಂಟೇ ಇಲ್ಲ. ಎಲ್ಲ ಟೆಸ್ಟೂ ನೆಗೆಟಿವ್ ಬಂದರೆ ಏನೂ ಇಲ್ಲ ಎಂದು ಬರೆಯಬೇಡಿ.

ಸಿಂಕಿಗೆ ಸುರಿಯುವ ಮುಂಚೆ

ನಮ್ಮ ತೊರೆಗಳ ಬಹುಪಾಲು ನೀರು ಸೇರುವುದು ಕಾವೇರಿಯನ್ನು. ಟಾಲೆನ್ಸ್ ಟ್ಯೂಬನ್ನು ಟೆಸ್ಟ್ ಮುಗಿದ ಕೂಡಲೇ ತೆಳು ನೈಟ್ರಿಕ್ ಆಸಿಡ್ ಹಾಕಿ ಆಮ್ಲ ಮಾಡಿ. ರಾತ್ರಿಯಿಡೀ ಬಿಟ್ಟರೆ, ಒಣಗಿದರಂತೂ ಇನ್ನೂ, ತಾಗಿದರೆ ಸಿಡಿಯುವ ಬೆಳ್ಳಿ ಸಂಯುಕ್ತ ಉಳಿಯುತ್ತದೆ. ಆಮ್ಲ ಮಾಡಿದ ಮೇಲೆ ಅಡುಗೆ ಉಪ್ಪು ಹಾಕಿ, ಬಿಳಿ ಸಿಲ್ವರ್ ಕ್ಲೋರೈಡ್ ಇಳಿಯಲು ಬಿಟ್ಟು, ಒಂದು ಜಾಡಿಯಲ್ಲಿ ಸೇರಿಸಿಡಿ. ಬ್ರೋಮಿನ್ ನೀರಿಗೆ ಬಣ್ಣ ಹೋಗುವವರೆಗೆ ಥಯೋಸಲ್ಫೇಟ್. ಥಯೋಸಲ್ಫೇಟ್ ಸೀಸೆ ಬ್ರೋಮಿನ್ ಸೀಸೆಯ ಪಕ್ಕದಲ್ಲೇ ಇರಲಿ. ತಾಮ್ರ, ಸೀರಿಯಂ ದ್ರಾವಣಗಳಿಗೂ ಬೇರೆ ಬೇರೆ ಡಬ್ಬಿ ಇಡಿ.

ಕೊನೆಗೆ ಒಂದು ಸ್ಯಾಂಪಲ್ ಒಟ್ಟಿಗೆ ನೋಡೋಣ. ಬಾದಾಮಿ ವಾಸನೆಯ ದ್ರವ. 2,4-ಡಿಎನ್‌ಪಿ ಕಿತ್ತಳೆ ಒತ್ತರ ಕೊಟ್ಟಿತು. ಟಾಲೆನ್ಸ್ ಕನ್ನಡಿ ಕೊಟ್ಟಿತು. ಫೆಹ್ಲಿಂಗ್ ನೀಲಿಯಾಗಿಯೇ ಉಳಿಯಿತು. ಇಲ್ಲಿಯವರೆಗೆ ಅರೋಮ್ಯಾಟಿಕ್ ಆಲ್ಡಿಹೈಡ್. ಆದರೆ ಬೈಕಾರ್ಬನೇಟ್‌ನಲ್ಲಿ ನಾಲ್ಕಾರು ಗುಳ್ಳೆಯೂ ಬಂತು. ಆಮ್ಲ ಗುಂಪೂ ಇದೆಯೆಂದು ಬರೆದುಬಿಡಬೇಕೇ? ಸೀಸೆಯ ಮುಚ್ಚಳದ ಸುತ್ತ ನೋಡಿ, ಬಿಳಿ ಹರಳು ಕಟ್ಟಿದೆ. ಬೆಂಜಾಲ್ಡಿಹೈಡ್ ಗಾಳಿಯ ಆಕ್ಸಿಜನ್ ಹಿಡಿದು ಬೆಂಜೋಯಿಕ್ ಆಸಿಡ್ ಆಗುತ್ತದೆ. ಪರೀಕ್ಷಿಸುವುದು ಸುಲಭ. ಸ್ಯಾಂಪಲ್ 2 ಮಿ.ಲೀ.ಯನ್ನು ಬೈಕಾರ್ಬನೇಟ್ ದ್ರಾವಣ 5 ಮಿ.ಲೀ. ಜತೆ ಗುಳ್ಳೆ ನಿಲ್ಲುವವರೆಗೆ ಅಲ್ಲಾಡಿಸಿ, ಎಣ್ಣೆಯ ಪದರ ಬೇರೆ ಮಾಡಿ, ಅದಕ್ಕೆ ಹೊಸ ಬೈಕಾರ್ಬನೇಟ್ ಹಾಕಿ. ಈಗ ಗುಳ್ಳೆ ಇಲ್ಲ, ಆದರೆ 2,4-ಡಿಎನ್‌ಪಿ ಒತ್ತರ ಮೊದಲಿನಂತೆಯೇ ಬರುತ್ತದೆ. ಬೇರೆ ಮಾಡಿದ ನೀರಿನ ಪದರಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ ಬಿಟ್ಟರೆ ಬಿಳಿ ಹರಳು ಇಳಿಯುತ್ತದೆ. ಸೋಸಿ, ಒಣಗಿಸಿ, ಕರಗುವ ಬಿಂದು ನೋಡಿ: 122 ಡಿಗ್ರಿ.